ಕಡಲಂಚಿನ ಗೋದಾಮಿನಲ್ಲಿ ಒಂದು ರಾತ್ರಿ, ಸಾಹುಕಾರರ ಮನೆಯಲ್ಲಿ ಮೂರು ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ಕುಂದಾಪುರದ ಕಡೆ ನಾವು ಬಾಡಿಗೆಗೆ ಉಳಿದ ಹಳೇ ಕಟ್ಟಡಗಳಲ್ಲಿ ನನ್ನ ಓಟು ಸಾಹುಕಾರರ ಮನೆಗೆ. ಗೋದಾಮಿನ ಬಗ್ಗೆ ಏನು ಬರೆದರೂ ಅದರಲ್ಲಿ ನಿದ್ದೆಗೆಟ್ಟ ಸಿಟ್ಟು ಸ್ವಲ್ಪ ಸೇರಿಕೊಂಡಿರುತ್ತದೆ. ಅದಷ್ಟನ್ನು ಕಳೆದು ಓದಿಕೊಳ್ಳಿ.

ನಾವು ತೀರ್ಥಹಳ್ಳಿ ಕಡೆಯವರು. ಮನೆಯಲ್ಲಿ ಐದು ಜನ: ನಾನು, ನಮ್ಮನೆಯವರು, ಅತ್ತೆ, ಇಬ್ಬರು ಮಕ್ಕಳು. ಅಡಿಕೆ ಕೊಯ್ಲು ಮುಗಿದು, ಸುಲಿದು, ಮಂಡಿಗೆ ಹಾಕಿದ ಮೇಲೆ ವರ್ಷಕ್ಕೊಮ್ಮೆ ಘಟ್ಟ ಇಳಿದು ಕಡಲು ನೋಡಿ ಬರುವುದು ರೂಢಿ. ಮೊದಲೆಲ್ಲ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿಯ 14 ತಿರುವನ್ನು ಒಂದೇ ದಿನ ಇಳಿದು ಹತ್ತುವುದು. ಮಗಳು ಇಳಿಯುವಾಗ ಒಂದು ಸಲ, ಹತ್ತುವಾಗ ಒಂದು ಸಲ ವಾಂತಿ ಮಾಡುತ್ತಿದ್ದಳು. ನಿಂಬೆಹಣ್ಣು, ಶುಂಠಿ, ಪ್ಲಾಸ್ಟಿಕ್ ಕವರು ಎಲ್ಲ ಕೈಯಲ್ಲೇ. ಕೊನೆಗೆ ನಮ್ಮನೆಯವರೇ ಹೇಳಿದರು, "ಇಳಿದ ಮೇಲೆ ಒಂದೆರಡು ರಾತ್ರಿ ಅಲ್ಲೇ ಇದ್ದು ಬರುವ, ಗಂಟೇನು ಹೋಗ್ತದೆ?"

ಗಂಟು ಹೋಯಿತು. ಅದರ ಲೆಕ್ಕ ಆಮೇಲೆ.

ಎರಡು ವರ್ಷದಲ್ಲಿ ಮೂರು ಕಡೆ ಉಳಿದೆವು. ಒಂದು, ಕುಂದಾಪುರದಿಂದ ಉತ್ತರಕ್ಕೆ ಕಡಲ ದಂಡೆಯ ಮೇಲೇ ಇರುವ ಹಳೇ ಗೋದಾಮು. ಅದನ್ನು ಈಗ ರೂಮು ಮಾಡಿ ಬಾಡಿಗೆಗೆ ಕೊಡುತ್ತಾರೆ. ಎರಡನೆಯದು, ಗಂಗೊಳ್ಳಿ ಅಳಿವೆಯ ಹತ್ತಿರದ ಒಂದು ಹಳೇ ವ್ಯಾಪಾರಸ್ಥರ ಮನೆ. ಅರ್ಧದಲ್ಲಿ ಮನೆಯವರು ಇದ್ದಾರೆ, ಅರ್ಧ ಬಂದವರಿಗೆ. ಊರಿನವರು ಈಗಲೂ ಸಾಹುಕಾರರ ಮನೆ ಅಂತಲೇ ಕರೆಯುತ್ತಾರೆ. ಮೂರನೆಯದು ಹೆದ್ದಾರಿ ಪಕ್ಕದ ಹೊಸ ಹೋಟೆಲು. ಅದರ ಬಗ್ಗೆ ಬರೆಯಲು ನನ್ನ ಹತ್ತಿರ ಜಾಸ್ತಿ ಏನಿಲ್ಲ. ಲಿಫ್ಟ್ ಇತ್ತು, ಬಿಸಿನೀರು ಬಂತು, ಹಾಸಿಗೆ ಚೆನ್ನಾಗಿತ್ತು. ಕಿಟಕಿ ಪರದೆ ಹಾಕಿಬಿಟ್ಟರೆ ಶಿವಮೊಗ್ಗ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿದ್ದೇವೋ ಕುಂದಾಪುರದಲ್ಲಿದ್ದೇವೋ ಗೊತ್ತಾಗುವುದಿಲ್ಲ. ಅತ್ತೆಗೆ ಮಾತ್ರ ಲಿಫ್ಟ್ ಬಹಳ ಹಿಡಿಸಿತು. ಕೆಲಸವಿಲ್ಲದಿದ್ದರೂ ಎರಡು ಸಲ ಹತ್ತಿ ಇಳಿದರು.

ಗೋದಾಮಿಗೆ ಹೋಗಿದ್ದು ಫೋಟೋ ನೋಡಿ. ಸುಳ್ಳು ಹೇಳಬಾರದು, ಕಟ್ಟಡ ನೋಡಲು ಚಂದವೇ. ಉದ್ದಕ್ಕೆ ಒಂದೇ ಮಾಡು, ಅಂದರೆ ಸೂರು. ಕೆಂಪು ಹೆಂಚು, ದಪ್ಪ ಜಂಬಿಟ್ಟಿಗೆ ಗೋಡೆ, ಕಮಾನಿನ ಬಾಗಿಲು. ಎದುರಿಗೆ ನಾಲ್ಕು ತೆಂಗಿನ ಮರ, ಅದರಾಚೆ ಸಮುದ್ರ. ಇಷ್ಟು ಹತ್ತಿರ ಹೊಸ ಹೋಟೆಲು ಸಿಗುವುದು ಕಷ್ಟ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಬಂದ ಮೇಲೆ ಹಳ್ಳಿ ಕಡೆಯ ಹೆಚ್ಚಿನ ಕಡಲತೀರದಲ್ಲಿ ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಹೊಸದಾಗಿ ಕಟ್ಟುವುದು ಸುಲಭವಲ್ಲ. ಅದಕ್ಕೂ ಮೊದಲಿನಿಂದ ಇರುವ ಕಟ್ಟಡಗಳಿಗೆ ಈಗ ಇಷ್ಟು ಬೆಲೆ ಬಂದಿರುವುದು ಇದರಿಂದಲೂ ಹೌದು. ನೀವು ಕೊಡುವ ದುಡ್ಡಿನಲ್ಲಿ ಅರ್ಧ ಆ ಜಾಗಕ್ಕೆ ಅಂದುಕೊಳ್ಳಿ.

ಬಾಗಿಲಲ್ಲಿ ಒಂದು ಬೋರ್ಡು. 200 ವರ್ಷದ ಕಟ್ಟಡ ಅಂತ. ಬಿದ್ದಿದ್ದ ಒಂದು ಹಳೇ ಹೆಂಚನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದರ ಮೇಲೆ ಬಾಸೆಲ್ ಮಿಷನ್ ಹೆಸರು, 1865 ಅಂತ ಅಚ್ಚು. "ನೋಡಿ ಮೇಡಂ, 1865ರ ಹೆಂಚು" ಅಂದರು ಅಲ್ಲಿಯ ಹುಡುಗ. ನಮ್ಮ ಅಡಿಕೆ ಮನೆಯ ಮಾಡಿನ ಮೇಲೂ ಅಂಥದ್ದೇ ಹೆಂಚು ಇತ್ತು ಮಾರಾಯ್ರೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ 1865. ಕಾರ್ಖಾನೆಯ ವರ್ಷವನ್ನು ಆಮೇಲೆ ಮಾಡಿದ ಹೆಂಚಿನ ಮೇಲೂ ಒತ್ತುತ್ತಿದ್ದರು. ಹೆಂಚು ಸುಟ್ಟ ವರ್ಷ ಬೇರೆ. ಗೋಡೆ 200 ವರ್ಷದ್ದು ಇದ್ದರೂ ಇರಬಹುದು, ಮಾಡು ಮಾತ್ರ ಅಷ್ಟು ಹಳೆಯದಾಗಲು ಸಾಧ್ಯವೇ ಇಲ್ಲ. ಇದನ್ನು ನಾನು ಅಲ್ಲಿ ಹೇಳಲಿಲ್ಲ. ಬಂದು ಹತ್ತು ನಿಮಿಷಕ್ಕೇ ತಗಾದೆ ಬೇಡ ಅಂತ ನಮ್ಮನೆಯವರು ಕಣ್ಣು ಬಿಟ್ಟರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರೂಮಿನ ಗೋಡೆ.

ಗೋದಾಮು ಅಂದರೆ ಒಳಗೆ ಗೋಡೆಯೇ ಇಲ್ಲದ ಜಾಗ ಅಲ್ವಾ. ಮೂಟೆ ಪೇರಿಸಲು ಕಟ್ಟಿದ್ದು. ಅದನ್ನು ರೂಮು ಮಾಡಬೇಕಾದರೆ ನಡುವೆ ಅಡ್ಡಗೋಡೆ ಹಾಕಬೇಕು. ಹಾಕಿದ್ದಾರೆ. ಆದರೆ ಆ ಗೋಡೆ ಎಂಟಡಿಗೆ ನಿಂತುಬಿಟ್ಟಿದೆ. ಅದರ ಮೇಲೆ ಹೆಂಚಿನ ತನಕ ಖಾಲಿ. ತೊಲೆ, ಪಕಾಸಿ, ರೀಪು ಎಲ್ಲ ಈ ತುದಿಯಿಂದ ಆ ತುದಿಯವರೆಗೆ ಕಾಣಬೇಕು, ಅದೇ ಕಟ್ಟಡದ ಚಂದ ಅಂತ ಹಾಗೆ ಬಿಟ್ಟಿದ್ದಾರೆ. ನನ್ನನ್ನು ಮರುಳು ಮಾಡಿದ ಫೋಟೋವೂ ಅದೇ. ಹಾಸಿಗೆಯಲ್ಲಿ ಮಲಗಿ ಮೇಲೆ ನೋಡಿದಂತೆ ತೆಗೆದದ್ದು. ಗೋಡೆ ಎಲ್ಲಿಗೆ ಮುಗಿಯುತ್ತದೆ ಅಂತ ಆ ಫೋಟೋದಲ್ಲಿ ಸರಿಯಾಗಿ ನೋಡಿದ್ದರೆ ತಿಳಿಯುತ್ತಿತ್ತು. ಯಾರು ನೋಡುತ್ತಾರೆ?

ಒಟ್ಟು ಆರು ರೂಮು. ಮಾಡು ಒಂದೇ. ಹಾಗಾಗಿ ರಾತ್ರಿಯೂ ಒಂದೇ.

ಎಂಟು ಗಂಟೆಗೆ ಪಕ್ಕದ ರೂಮಿನ ಮಗು ಅತ್ತಿತು. ಪರವಾಗಿಲ್ಲ, ಮಗು. ಒಂಬತ್ತಕ್ಕೆ ಆ ಕಡೆಯ ರೂಮಿನಲ್ಲಿ ಯಾರೋ ಸೊಳ್ಳೆ ಬತ್ತಿ ಹಚ್ಚಿದರು, ಹೊಗೆ ತೊಲೆಯ ಮೇಲೆ ತೇಲಿಕೊಂಡು ಬಂದು ನಮ್ಮ ಮೇಲೆ ಇಳಿಯಿತು. ಹತ್ತೂವರೆಗೆ ಗಂಡ ಹೆಂಡತಿ ಕಾರಿನ ಕಂತಿನ ಬಗ್ಗೆ ಮಾತಾಡಲು ಶುರು ಮಾಡಿದರು. ಮೆಲ್ಲಗೇ ಮಾತಾಡುತ್ತಿದ್ದರು, ಪಾಪ. ಆದರೆ ಎರಡು ತಿಂಗಳ ಕಂತು ಬಾಕಿ ಇದೆ ಅನ್ನುವುದು, ಅದನ್ನು ಗಂಡ ಮುಚ್ಚಿಟ್ಟಿದ್ದ ಅನ್ನುವುದು ಆರೂ ರೂಮಿಗೆ ಗೊತ್ತಾಯಿತು. ಹನ್ನೊಂದಕ್ಕೆ ಅವರು ರಾಜಿಯಾದರು. ಹೆಂಡತಿ ಕೇಳಿದಳು, "ಬಾಗಿಲು ಹಾಕಿದ್ಯಾ?"

ನಮ್ಮ ಅತ್ತೆ ಅರೆನಿದ್ದೆಯಲ್ಲಿ ಜೋರಾಗಿ ಹೇಳಿದರು, "ಹಾಕಿದೀನಿ ಕಣೆ, ಮಲ್ಕ."

ಅದಾದ ಮೇಲೆ ಇಡೀ ಗೋದಾಮು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದಿತ್ತು. ನನ್ನ ಮಗ ದಿಂಬು ಕಚ್ಚಿಕೊಂಡು ನಕ್ಕ. ಆ ಕಡೆಯವರು ಬೆಳಿಗ್ಗೆ ತಿಂಡಿಗೆ ಬಂದಾಗ ನಮ್ಮ ಟೇಬಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಗೊರಕೆ. ಯಾವ ರೂಮಿನದು ಅಂತ ಹೇಳಲು ಬರುವುದಿಲ್ಲ, ಹೆಂಚಿಗೆ ಬಡಿದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ನಡುರಾತ್ರಿ ಯಾರೋ ಬಚ್ಚಲಿಗೆ ಎದ್ದು ಲೈಟು ಹಾಕಿದರೆ ನಮ್ಮ ಮಾಡೂ ಬೆಳಗುತ್ತಿತ್ತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅಂತ ಸುಮ್ನೆ ಬಾಯಿಮಾತಿಗೆ ಹೇಳುತ್ತಿದ್ದೆ, ಆ ದೀಪ ಹೇಗಿರುತ್ತದೆ ಅಂತ ಕಂಡದ್ದು ಅವತ್ತು. ನಾನು ಮೊದಲೇ ಇಲಿ ಓಡಾಡಿದರೂ ಎಚ್ಚರವಾಗುವವಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಕಡಲಿನ ಸದ್ದು ಚೆನ್ನಾಗಿ ಕೇಳಿದ್ದು ಆಗಲೇ.

ಎಲ್ಲಕ್ಕಿಂತ ತಮಾಷೆ ಎ.ಸಿ. ಅಂಥ ರೂಮಿಗೂ ಎ.ಸಿ. ಹಾಕಿದ್ದರು! ಏಪ್ರಿಲ್ ತಿಂಗಳು, ಘಟ್ಟದ ಕೆಳಗಿನ ಸೆಕೆ, ನಾವು 18ಕ್ಕೆ ಇಟ್ಟೆವು. ಮೇಲೆ ತೆರೆದಿದ್ದರೆ ರೂಮು ತಣ್ಣಗಾಗುವುದು ಹೇಗೆ? ಇಡೀ ಗೋದಾಮಿಗೆ ಹಂಚಿಹೋಗಿ ಹೆಂಚಿನ ಸಂದಿನಿಂದ ಹೊರಗೆ. ಅದು ರಾತ್ರಿಯಿಡೀ ಗುಂಯ್ ಅಂತ ಓಡಿತು, ನಾವು ರಾತ್ರಿಯಿಡೀ ಬೆವರಿದೆವು. ಬಾಡಿಗೆಯಲ್ಲಿ ಎ.ಸಿ.ಗೂ ಸೇರಿಸಿಯೇ ತೆಗೆದುಕೊಂಡಿದ್ದಾರೆ.

ಬೆಳಿಗ್ಗೆ ಮ್ಯಾನೇಜರ್‌ಗೆ ಹೇಳಿದೆ. "ಹೆರಿಟೇಜ್ ಅಲ್ವಾ ಮೇಡಂ, ಗೋಡೆ ಏರಿಸಿದ್ರೆ ಫೀಲ್ ಹೋಗುತ್ತೆ" ಅಂದರು. ಒಂದು ಡಬ್ಬಿಯಿಂದ ಹತ್ತಿಯ ಉಂಡೆ ತೆಗೆದುಕೊಟ್ಟರು. ಅಂದರೆ ಡಬ್ಬಿ ತುಂಬಿ ಇಟ್ಟುಕೊಂಡೇ ಇದ್ದಾರೆ! ಎರಡು ರಾತ್ರಿಗೆ ಹೇಳಿದ್ದೆವು, ಒಂದಕ್ಕೇ ಬಿಟ್ಟೆವು. ಎರಡನೇ ರಾತ್ರಿಯ ದುಡ್ಡಿನಲ್ಲಿ ಅರ್ಧ ವಾಪಸ್ ಬಂತು, ಅದೂ ಮೂರು ವಾರ ಫೋನ್ ಮಾಡಿದ ಮೇಲೆ.

ಇನ್ನೊಂದು ಮಾತು, ಗೋಡೆಯ ಬಣ್ಣ. ಜಂಬಿಟ್ಟಿಗೆ ಗೋಡೆ ನೀರು ಹೀರುವಂಥದ್ದು. ಕಡಲ ಹತ್ತಿರ ಆ ನೀರಿನ ಜೊತೆ ಉಪ್ಪೂ ಸೇರುತ್ತದೆ. ಹಳಬರ ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತಿತ್ತು. ಇವರು ಅದನ್ನು ಕೆತ್ತಿ ತೆಗೆದು ಸಿಮೆಂಟು ಬಳಿದು, ಮೇಲೆ ಹೊಳೆಯುವ ಪೇಂಟು ಹೊಡೆಸಿದ್ದಾರೆ. ಈಗ ತೇವ ಹೊರಗೆ ಬರಲಾರದೆ ಒಳಗೇ ಉಪ್ಪು ಹರಳುಗಟ್ಟಿ ಪೇಂಟನ್ನು ತಳ್ಳುತ್ತಿದೆ. ನಮ್ಮ ಹಾಸಿಗೆಯ ತಲೆದೆಸೆಯಲ್ಲಿ ಹಪ್ಪಳ ಉಬ್ಬಿದ ಹಾಗೆ ಉಬ್ಬಿತ್ತು. ಮಗಳು ಬೆರಳಿನಿಂದ ಒಂದೊಂದೇ ಒಡೆದಳು. ನಾನು ತಡೆಯಲಿಲ್ಲ.

ಸಾಹುಕಾರರ ಮನೆಯಲ್ಲಿ ಸುಣ್ಣವೇ ಇದೆ. ಒರಗಿ ಕೂತರೆ ಬೆನ್ನಿಗೆಲ್ಲ ಬಿಳಿ. ಅದಷ್ಟೇ ತೊಂದರೆ.

ಆ ಮನೆ ಸಿಕ್ಕಿದ್ದು ಬಾಯಿಮಾತಿನಲ್ಲಿ. ನಮ್ಮೂರಿಗೆ ಬೈಕಿನಲ್ಲಿ ಮೀನು ತರುವವರು ಹೇಳಿದರು. ಕಡಲು ಎದುರಿಗೇ ಇಲ್ಲ, ಹತ್ತು ನಿಮಿಷ ನಡೆಯಬೇಕು. ಎದುರಿಗಿರುವುದು ಅಳಿವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕ ಅಂತ ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಜಾಗ, ಪಂಚಗಂಗಾವಳಿ ಅಂತಾರೆ. ವಾರಾಹಿ ನಮ್ಮ ಕಡೆ ಹುಟ್ಟುವವಳು. ಹೊಸನಗರ ತಾಲೂಕಿನ ಮಾಣಿಯಲ್ಲಿ ಅಣೆಕಟ್ಟಿನ ಹಿಂದೆ ನಿಂತ ನೀರನ್ನೇ ನಾವು ನೋಡಿದ್ದು. ಇಲ್ಲಿ ನೋಡಿದರೆ ಆಚೆ ದಡ ಕಾಣಲು ಕಣ್ಣು ಕಿರಿದು ಮಾಡಬೇಕು. ಅತ್ತೆ ಜಗಲಿಯಲ್ಲಿ ಕೂತು, "ನಮ್ಮ ಗದ್ದೆ ಬದಿಯ ನೀರೂ ಇದರಲ್ಲಿ ಇದ್ದೀತು" ಅಂದರು. ನಮ್ಮ ಗದ್ದೆಯ ನೀರು ತುಂಗೆಗೆ ಹೋಗುತ್ತದೆ, ಪೂರ್ವಕ್ಕೆ. ನಾನು ತಿದ್ದಲು ಹೋಗಲಿಲ್ಲ.

ಇಲ್ಲಿನ ಕೋಣೆಗಳಿಗೆ ಮರದ ಮುಚ್ಚಿಗೆ ಇದೆ, ಅದರ ಮೇಲೆ ಅಟ್ಟ. ಗೋಡೆ ಮುಚ್ಚಿಗೆಯ ತನಕ ಹೋಗುತ್ತದೆ, ಮುಚ್ಚಿಗೆಯ ಮೇಲೂ ಹೋಗುತ್ತದೆ. ಮನೆ ಅಂತಲೇ ಕಟ್ಟಿದವರಿಗೆ ಗಂಡ ಹೆಂಡತಿ ಮಾತು ಪಕ್ಕದ ಕೋಣೆಗೆ ಕೇಳಬಾರದು ಅನ್ನುವುದು ಗೊತ್ತಿರುತ್ತದೆ. ಮೂಟೆಗೆ ಕಟ್ಟಿದವರಿಗೆ ಅದರ ಗೊಡವೆ ಇರಲಿಲ್ಲ, ತಪ್ಪು ಅವರದ್ದಲ್ಲ. ಮೂರು ರಾತ್ರಿ ನಾನು ಸತ್ತ ಹಾಗೆ ಮಲಗಿದೆ.

ಸ್ನಾನಕ್ಕೆ ಹಂಡೆ. ತೆಂಗಿನ ಸಿಪ್ಪೆಯ ಉರಿ. ಮಲೆನಾಡಿನವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ತೊಂದರೆ ಇಲ್ಲವೇ ಅಂದರೆ ಇದೆ. ಬಚ್ಚಲು ಕೋಣೆಗೆ ಅಂಟಿಕೊಂಡಿಲ್ಲ, ಅಂಗಳ ದಾಟಬೇಕು. ರಾತ್ರಿ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋದೆ. ಬಾಗಿಲು ಗಿಡ್ಡ, ಹೊಸಿಲು ಎತ್ತರ. ನಮ್ಮನೆಯವರು ಮೊದಲ ದಿನ ಮೂರು ಸಲ ಹಣೆ ಬಡಿದುಕೊಂಡರು, ಎರಡನೇ ದಿನ ಒಂದು ಸಲ. ಮಹಡಿಯ ಮೆಟ್ಟಿಲು ಏಣಿಯಷ್ಟೇ ಕಡಿದು, ಮಂಡಿನೋವಿನವರಿಗೆ ಆಗದ ಮಾತು. ಮೊದಲೇ ಹೇಳಿದರೆ ಕೆಳಗಿನ ಕೋಣೆ ಕೊಡುತ್ತಾರೆ. ಫೋನಿನ ನೆಟ್‌ವರ್ಕು ಜಗಲಿಯ ಬಲತುದಿಯಲ್ಲಿ ಮಾತ್ರ. ನನ್ನ ಮಗ ಮೂರು ದಿನವೂ ಆ ತುದಿಯಲ್ಲೇ ಬಾವಲಿಯ ಹಾಗೆ ನೇತಾಡಿಕೊಂಡಿದ್ದ. ಒಂಬತ್ತೂವರೆಗೆ ಮನೆಯವರು ಚಾವಡಿಯ ದೀಪ ಆರಿಸಿ ಮಲಗುತ್ತಾರೆ, ಆಮೇಲೆ ನೀವು ಇಸ್ಪೀಟು ಆಡುತ್ತೇವೆ ಅಂದರೆ ಮುಜುಗರ.

ಊಟದಲ್ಲಿ ಆಯ್ಕೆ ಇಲ್ಲ. ಅವರು ಮಾಡಿದ್ದನ್ನು ತಿನ್ನಬೇಕು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ನಮಗೆ ಕುಚ್ಚಲಕ್ಕಿ ರೂಢಿಯಿಲ್ಲ, ಮಕ್ಕಳು ಮೊದಲ ದಿನ ಮುಖ ಹಿಂಡಿದರು. ಮನೆಯಮ್ಮ ನೋಡಿದರು. "ಹ್ವಾಯ್, ಘಟ್ಟದ ಮಕ್ಕಳಿಗೆ ಬಿಳಿ ಅನ್ನ ಬೇಕಿತ್ತಾ? ಮೊದಲೇ ಹೇಳುದಲ್ದಾ!" ಮರುದಿನ ಎರಡೂ ಬಂತು. ಗೋದಾಮಿನಲ್ಲಿ ತಿಂಡಿಗೆ ಹನ್ನೆರಡು ಬಗೆ ಇತ್ತು. ನೆನಪಿರುವುದು ಬ್ರೆಡ್ಡು ಮಾತ್ರ. ಮೀನು ತಿನ್ನಲೆಂದೇ ಹೋಗುವವರು ಜೂನ್, ಜುಲೈ ಬಿಟ್ಟು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯವರು ದಡದ ಹತ್ತಿರ ಹಿಡಿದದ್ದಷ್ಟೇ. ಆಗ ಮಳೆಯೂ ನಮ್ಮಲ್ಲಿ ಹೊಯ್ಯುವಂಥದ್ದೇ, ಅದನ್ನು ನೋಡಲು ದುಡ್ಡು ಕೊಟ್ಟು ಹೋಗುವುದು ಯಾಕೆ?

ಹಳೆಯದು ಅನ್ನುವ ವಿಷಯದಲ್ಲೂ ಈ ಮನೆಯೇ ನನಗೆ ಹಿಡಿಸಿತು. ಬೋರ್ಡು ಇಲ್ಲ. ಎಷ್ಟು ವರ್ಷದ್ದು ಅಂದರೆ ಮನೆಯ ಅಜ್ಜ, "ನನ್ನ ಅಜ್ಜ ಇಲ್ಲೇ ಹುಟ್ಟಿದ್ದು" ಅಂದರು, ಅಷ್ಟೇ. ಹಿಂದೆ ಇಲ್ಲಿಂದ ಮಚ್ವೆ ಅನ್ನುವ ಹಾಯಿದೋಣಿಯಲ್ಲಿ ಹೆಂಚು, ಅಕ್ಕಿ ಮುಂಬೈ ಕಡೆಗೆ ಹೋಗುತ್ತಿತ್ತಂತೆ. ಸಂಜೆ ಅವರ ಜೊತೆ ಬಸ್ರೂರಿಗೆ ಹೋಗಿ ಬಂದೆವು, ಹತ್ತಿರವೇ. ಈಗ ಸುಮ್ಮನೆ ಮಲಗಿರುವ ಊರು, ದೇವಸ್ಥಾನಗಳು ಮಾತ್ರ ಒಂದಾದ ಮೇಲೊಂದು. ಒಂದು ಕಾಲಕ್ಕೆ ಈ ಕರಾವಳಿಯ ದೊಡ್ಡ ಬಂದರು. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿ ಕೂತಿದ್ದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಬಸ್ರೂರು, ಗಂಗೊಳ್ಳಿ, ಹೊನ್ನಾವರದ ಕೋಟೆಗಳನ್ನು ಅವರಿಂದ ಕಿತ್ತುಕೊಂಡ. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಊರನ್ನು ದೋಚಿಕೊಂಡು ಹೋದ. ಅಂದರೆ ದೋಚುವಷ್ಟು ಇತ್ತು. ಆ ಸಂಪತ್ತಿನಲ್ಲಿ ಒಂದು ಪಾಲು ಘಟ್ಟದ ಮೇಲಿನ ಮೆಣಸು. ಬಿದನೂರು, ಅದೇ ನಮ್ಮ ಕಡೆಯ ನಗರ ಅನ್ನುವ ಊರು, ಅಲ್ಲಿ ಕೂತು ಕರಾವಳಿಯನ್ನು ಆಳಿದ ಕೆಳದಿಯವರಿಗೆ ಮೇಲಿನ ತೋಟವೂ ಬೇಕು, ಕೆಳಗಿನ ಬಂದರೂ ಬೇಕು. ಇದನ್ನೆಲ್ಲ ಅಜ್ಜ ಮಗನಿಗೆ ಹೇಳಿದರು. ನೆಟ್‌ವರ್ಕು ಇಲ್ಲದ ಕಾರಣ ಅವನೂ ಕೇಳಿದ.

ಇನ್ನು ಲೆಕ್ಕ. ಗೋದಾಮಿನಲ್ಲಿ ಒಂದು ರೂಮಿಗೆ 7,200. ನಮಗೆ ಎರಡು ಬೇಕು, 14,400. ತಿಂಡಿ ಅದರಲ್ಲೇ, ರಾತ್ರಿ ಊಟಕ್ಕೆ ಐದು ಜನಕ್ಕೆ 2,900 ಆಯಿತು. ಒಟ್ಟು 17,300, ನಿದ್ದೆ ಇಲ್ಲದ ಒಂದು ರಾತ್ರಿಗೆ. ಸಾಹುಕಾರರ ಮನೆಯಲ್ಲಿ ಕೋಣೆಗೆ 2,600, ಎರಡಕ್ಕೆ 5,200. ತಿಂಡಿ, ಎರಡು ಹೊತ್ತಿನ ಊಟ, ಸಂಜೆಯ ಚಹಾ ಸೇರಿ ತಲೆಗೆ 500. ದಿನಕ್ಕೆ 7,700. ಅಂದರೆ ಅಲ್ಲಿಯ ಒಂದು ರಾತ್ರಿಯ ದುಡ್ಡಿನಲ್ಲಿ ಇಲ್ಲಿ ಎರಡು ರಾತ್ರಿ ಇದ್ದು, ಮಿಕ್ಕಿದ್ದರಲ್ಲಿ ಗಂಗೊಳ್ಳಿಯಿಂದ ಒಣಮೀನೂ ತರಬಹುದು. ತಂದೆವು. ಕಾರಿನ ವಾಸನೆ ಇನ್ನೂ ಹೋಗಿಲ್ಲ. ಹೆದ್ದಾರಿಯ ಹೋಟೆಲು ರೂಮಿಗೆ 3,400, ಊಟ ಬೇರೆ.

ಹಾಗಂತ ಗೋದಾಮು ಯಾರಿಗೂ ಬೇಡ ಅಂತಲ್ಲ. ನನ್ನ ತಮ್ಮನಂಥವರು ಇದ್ದಾರೆ, ಕಿವಿಯ ಪಕ್ಕ ಡೋಲು ಬಾರಿಸಿದರೂ ಮಗ್ಗುಲು ಬದಲಿಸಿ ಮಲಗುವವರು. ಕಡಲು ಬಾಗಿಲಲ್ಲೇ ಬೇಕು, ಬಚ್ಚಲು ರೂಮಿನಲ್ಲೇ ಬೇಕು, ಫೋಟೋ ಚೆನ್ನಾಗಿ ಬರಬೇಕು ಅನ್ನುವವರಿಗೆ ಅದೇ ಸರಿ. ಇಲ್ಲವಾದರೆ ನಾಲ್ಕಾರು ಮನೆಯವರು ಸೇರಿ ಆರೂ ರೂಮು ಒಟ್ಟಿಗೆ ಹಿಡಿಯಿರಿ. ಎಲ್ಲರೂ ನಮ್ಮವರೇ ಆದರೆ ಅಡ್ಡಗೋಡೆ ಇದ್ದರೇನು, ಇಲ್ಲದಿದ್ದರೇನು. ವಯಸ್ಸಾದವರ ಜೊತೆ ಹೋಗುವವರಿಗೆ, ರಾತ್ರಿ ಅಂಗಳ ದಾಟಲಾಗದವರಿಗೆ ನಾನು ಆ ಹೆದ್ದಾರಿ ಹೋಟೆಲನ್ನೇ ಹೇಳುತ್ತೇನೆ, ಬೇಸರದಿಂದಲೇ.

ಯಾವ ಹಳೇ ಕಟ್ಟಡಕ್ಕೆ ಹೋಗುವುದಿದ್ದರೂ ದುಡ್ಡು ಹಾಕುವ ಮೊದಲು ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಗೋಡೆ ಹೆಂಚಿನ ತನಕ ಹೋಗಿದೆಯಾ? ಆ ಕಡೆಯವರು ತಕ್ಷಣ ಹೌದು ಅಂದರೆ ಸರಿ. "ನಮ್ಮದು ಓಪನ್ ಕಾನ್ಸೆಪ್ಟ್ ಮೇಡಂ" ಅಂತ ಶುರು ಮಾಡಿದರೆ ಫೋನ್ ಇಟ್ಟುಬಿಡಿ.

ನಾವು ಬರುವ ಮಾರ್ಚಿಗೆ ಸಾಹುಕಾರರ ಮನೆಗೆ ಮೂರು ರಾತ್ರಿಗೆ ಹೇಳಿ ಆಗಿದೆ. ಎರಡೂ ಕೆಳಗಿನ ಕೋಣೆಗಳೇ. ಮುಂಗಡ ಎಷ್ಟು ಕಳಿಸಲಿ ಅಂತ ಕೇಳಿದೆ. "ಮುಂಗಡ ಎಂತಕೆ? ಬಪ್ಪತಿಗೆ ನಿಮ್ಮ ತೋಟದ ಕಾಳುಮೆಣಸು ಎರಡು ಕೆ.ಜಿ. ತನ್ನಿ, ಲೆಕ್ಕದಲ್ಲಿ ಕಳೆವ" ಅಂದರು ಮನೆಯಮ್ಮ. ನಮ್ಮನೆಯವರು ಈಗಲೇ ಒಂದು ಡಬ್ಬಿಯಲ್ಲಿ ತೆಗೆದಿಟ್ಟಿದ್ದಾರೆ. ಅತ್ತೆ ಮಾತ್ರ ಒಂದು ಸಲ ಲಿಫ್ಟ್ ಇರುವ ಕಡೆ ಚಾ ಕುಡಿದು ಹೋಗುವ ಅನ್ನುತ್ತಿದ್ದಾರೆ.